ಚಳಿಗಿಂತ ಮೊದಲು ಬರುತ್ತಿದ್ದ ಆಪಾ

ಆಪಾ ಈ ಬೇಸಿಗೆಯಲ್ಲಿ ತೀರಿಕೊಂಡರು. ಸುದ್ದಿ ತಂದವಳು ಸಾರವಾಡದ ಕಾಶವ್ವ, ಅವರ ಜೊತೆ ವರ್ಷಗಟ್ಟಲೆ ಗಿಡಗಳ ನಡುವೆ ಕೆಲಸ ಮಾಡಿದವಳು. ನನ್ನ ಆಫೀಸಿನ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಪಾ ಹೋದರ್ರಿ ಮೇಡಂ. ಮುಂಜಾನೆ ಚಾ ಕುಡದು ಗ್ವಾಡಿಗೆ ಆತ್ಕೊಂಡು ಕುಂತಿದ್ರಂತ. ಕುಂತಲ್ಲೇ ಹೋಗ್ಯಾರ."

ಅವಳಿಗೆ ಕುರ್ಚಿ ತೋರಿಸಿದೆ. ಅವಳು ಕೂರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಆಚೆಯ ಹುಲ್ಲುಹಾಸನ್ನು ನೋಡುತ್ತ ನಿಂತಳು.

ಆಪಾ ಎಂದರೆ ಅಕ್ಕ. ನಮ್ಮ ಕಟ್ಟಡದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಕಾವಲುಗಾರನಿಗೂ, ಬ್ಯಾಂಕಿನ ಮ್ಯಾನೇಜರಿಗೂ, ಅವರಿಗಿಂತ ವಯಸ್ಸಾದ ನಮ್ಮ ಮಾಲೀಕರಿಗೂ ಅವರು ಆಪಾನೇ. ಹಾಗಾಗಿ ಇಲ್ಲಿಯೂ ಆಪಾ ಎಂದೇ ಬರೆಯುತ್ತೇನೆ.

ಸೋಲಾಪುರ ರಸ್ತೆಯ ಕಡೆ ಇರುವ ಒಂದು ವಾಣಿಜ್ಯ ಸಂಕೀರ್ಣದ ಉಸ್ತುವಾರಿ ನನ್ನದು. ಮೇಲೆ ಆಫೀಸುಗಳು, ಕೆಳಗೆ ಅಂಗಡಿಗಳು, ಪಕ್ಕದಲ್ಲಿ ಮಾಲೀಕರದೇ ಒಂದು ಹೋಟೆಲು, ಅದರ ಮುಂದೆ ಮದುವೆಗಳಿಗೆ ಕೊಡುವ ದೊಡ್ಡ ಹುಲ್ಲುಹಾಸು. ಲಿಫ್ಟು ನಿಂತರೆ, ನಲ್ಲಿ ಸೋರಿದರೆ, ಜನರೇಟರು ಮುನಿಸಿಕೊಂಡರೆ ಎಲ್ಲರೂ ನನ್ನ ಬಾಗಿಲಿಗೆ ಬರುತ್ತಾರೆ. ಅಂಗಳದ ಗಿಡಗಳೂ ನನ್ನ ಪಾಲಿಗೇ ಬಂದಿದ್ದವು. ಗಿಡ ತನ್ನಷ್ಟಕ್ಕೆ ತಾನು ಬೆಳೆಯುತ್ತದೆ, ಅದರಲ್ಲಿ ನೋಡುವುದೇನಿದೆ ಎಂದು ತಿಳಿದುಕೊಂಡು ಈ ಕೆಲಸಕ್ಕೆ ಸೇರಿದವಳು ನಾನು.

ಹೊರಗಿನವರಿಗೆ ವಿಜಯಪುರವೆಂದರೆ ಬಿಸಿಲು. ಇಲ್ಲಿಯ ಚಳಿ ಇಲ್ಲಿದ್ದವರಿಗೇ ಗೊತ್ತು. ಶೀಗಿ ಹುಣ್ಣಿಮೆ ದಾಟುತ್ತಿದ್ದಂತೆ ಮೂಡಣ ಗಾಳಿ ಒಣಗಿ ಬೀಸತೊಡಗುತ್ತದೆ. ಮಳೆಗಾಲದಲ್ಲಿ ಹೊಟ್ಟೆ ತುಂಬ ನೀರು ಕುಡಿದ ಎರೆ ಮಣ್ಣು ಈಗ ಕುಗ್ಗಿ, ಕೈ ಇಳಿಸಬಹುದಾದಷ್ಟು ಅಗಲಕ್ಕೆ ಬಿರಿಯುತ್ತದೆ. ಆ ಬಿರುಕು ಎಳೆ ಬೇರುಗಳನ್ನು ಹರಿಯುತ್ತದೆ, ಕಾಲುದಾರಿಯ ಕಲ್ಲನ್ನು ಎಬ್ಬಿಸುತ್ತದೆ. ಹುಲ್ಲು ಬೆಳೆಯುವುದನ್ನು ಬಿಟ್ಟು ಬಣ್ಣಗೆಡುತ್ತದೆ. ಸರಿಯಾಗಿ ಆಗಲೇ ಗೋಳಗುಮ್ಮಟ ನೋಡಲು ಬಸ್ಸುಗಟ್ಟಲೆ ಶಾಲಾ ಮಕ್ಕಳು, ಪ್ರವಾಸಿಗರು ಬರುತ್ತಾರೆ. ತುಳಸಿ ಲಗ್ನ ಮುಗಿದರೆ ಮದುವೆಗಳ ಸಾಲು. ಗಿಡಗಳು ಕೈಕಾಲು ಮಡಚಿಕೊಳ್ಳುವ ಹೊತ್ತಿಗೆ ಹೋಟೆಲಿನ ಅಂಗಳ ಮಾತ್ರ ತುಂಬಿ ಕಾಣಬೇಕು. ಅದಕ್ಕೆ ಮಳೆ ಹಿಂದೆ ಸರಿದ ಕೂಡಲೇ ಬೇಲಿಗಿಡ ಸಮ ಮಾಡಬೇಕು, ಗುಲಾಬಿ ಕತ್ತರಿಸಬೇಕು, ಹುಲ್ಲಿನ ನೆಲಕ್ಕೆ ಮುಳ್ಳುಕೋಲು ಚುಚ್ಚಿ ಗಾಳಿಯಾಡಿಸಿ ಮರಳು ಗೊಬ್ಬರ ಕೊಡಬೇಕು, ಮಡಿಗಳಲ್ಲಿ ಸೇವಂತಿ, ಚೆಂಡು ಹೂವಿನ ಸಸಿ ಇಡಬೇಕು, ಬುಡಕ್ಕೆಲ್ಲ ಕಬ್ಬಿನ ಒಣ ಗರಿ, ಅಂದರೆ ರವದಿ, ಹೊದಿಸಬೇಕು. ಇದನ್ನೆಲ್ಲ ನಾನು ಕಲಿತದ್ದು ನೋಡಿ ನೋಡಿ.

ಮೊದಲು ಈ ಕೆಲಸ ನೋಡುತ್ತಿದ್ದವರು ಆಪಾರ ಯಜಮಾನರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ತಿಕೋಟಾದವರು. ಅಲ್ಲಿಯ ದ್ರಾಕ್ಷಿ ತೋಟಗಳಲ್ಲಿ ಮಳೆ ಮುಗಿದ ಮೇಲೆ ಬಳ್ಳಿ ಕತ್ತರಿಸುವ ಕೆಲಸಕ್ಕೆ ಚಾಟ್ನಿ ಎನ್ನುತ್ತಾರೆ. ಮೇಸ್ತ್ರಿ ಚಾಟ್ನಿಯ ತಂಡ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಿದ್ದವರು, ಆಮೇಲೆ ಜೋರಾಪುರ ಪೇಟೆಯಲ್ಲಿ ಮನೆ ಮಾಡಿ, ಹೋಟೆಲು, ಆಸ್ಪತ್ರೆ, ಶೋರೂಮುಗಳ ಅಂಗಳ ನೋಡಿಕೊಳ್ಳುವ ಗುತ್ತಿಗೆ ಹಿಡಿದರು. ಬಹಳ ಮಾತಿನ ಮನುಷ್ಯ. ಒಂದು ಗುಲಾಬಿ ಕಡ್ಡಿ ಕತ್ತರಿಸುವ ಮೊದಲು ಅದರ ಕುಲಗೋತ್ರವನ್ನೆಲ್ಲ ಹೇಳಿ ಮುಗಿಸುತ್ತಿದ್ದರು. ಅವರು ಬಂದ ದಿನ ನನ್ನ ಆಫೀಸಿನ ಕಿಟಕಿ ಮುಚ್ಚಿಯೇ ಇಡುತ್ತಿದ್ದೆ.

ಒಂದು ವರ್ಷ ಚಳಿಗಾಲದ ಕೆಲಸ ಇನ್ನೇನು ಸುರುವಾಗಬೇಕು, ಆಗ ಮೇಸ್ತ್ರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಇನ್ನು ಬೇರೆಯವರನ್ನು ಹುಡುಕಬೇಕಲ್ಲ ಎಂದು ನಾನು ಯೋಚಿಸುತ್ತಿರುವಾಗ ಒಂದು ಮಧ್ಯಾಹ್ನ ಕಪ್ಪು ಬುರ್ಖಾದ ಹೆಣ್ಣುಮಗಳೊಬ್ಬರು ಬಂದರು. ಕೈಯಲ್ಲಿ ತರಕಾರಿ ಚೀಲ. ಚೀಲದಿಂದ ಚಾಟ್ನಿ ಕತ್ತರಿಯ ಹಿಡಿಕೆ ಹೊರಗೆ ಕಾಣುತ್ತಿತ್ತು.

"ನಾ ಮೇಸ್ತ್ರಿ ಮನಿಯಾಕಿ. ಈ ಸಲದ ಕೆಲಸ ನಾ ಮಾಡಸ್ತೇನ್ರಿ ಮೇಡಂ" ಎಂದರು.

"ನಿಮಗ ಗಿಡದ ಕೆಲಸ ಬರ್ತದೇನ್ರಿ?"

"ಇಲ್ರಿ. ನನಗ ಬ್ಲೌಸ್ ಹೊಲಿಯೂದು ಬರ್ತದ."

"ಮತ್ತ ಹೆಂಗ್ರಿ?"

"ಕೆಲಸ ಅವರಿಗೆ ಬರ್ತದಲ್ರಿ. ನಾ ಅವರನ್ನ ಕರ್ಕೊಂಡು ಬರ್ತೇನಿ."

ಅದರಲ್ಲಿ ಬೇಡಿಕೆಯ ದನಿ ಇರಲಿಲ್ಲ. ತೀರ್ಮಾನವಾದ ಸಂಗತಿಯೊಂದನ್ನು ತಿಳಿಸಿ ಹೋಗಲು ಬಂದವರ ಹಾಗೆ ಕೂತಿದ್ದರು. ನಾನು ಮಾಲೀಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಬಾಯಿ ಬರದಾಂವ ಒಬ್ಬಾಂವ, ಕೆಲಸ ಬರದಾಕಿ ಒಬ್ಬಾಕಿ. ಇಬ್ಬರೂ ಕೂಡಿ ಒಂದು ಆಳು ಆಗ್ತಾರ ಅಂತೀರೇನು?"

"ಈ ಥಂಡಿ ಮುಗಿಯೂತನಕ ನೋಡೂಣ್ರಿ" ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಆ ಕತ್ತರಿಯ ಹಿಡಿಕೆ ಕಂಡು ಇರಬೇಕು.

ಮರುದಿನ ಬಾಡಿಗೆಯ ಟಂಟಂ ರಿಕ್ಷಾ ಬಂತು. ಮುಂದಿನ ಸೀಟಿನಲ್ಲಿ ಮೇಸ್ತ್ರಿ. ಅವರನ್ನು ಆಪಾ ಮತ್ತು ಕಾಶವ್ವ ಇಬ್ಬರೂ ಹಿಡಿದು ಇಳಿಸಿ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ಮಾತಾಡುತ್ತಿದ್ದ ಬಾಯಲ್ಲಿ ಈಗ ಒಂದೇ ಶಬ್ದ ಉಳಿದಿತ್ತು: ಸಾಕು. ಚಹಾ ಬೇಕೆಂದರೂ ಸಾಕು, ಬಿಸಿಲಾಯಿತೆಂದರೂ ಸಾಕು, ನನ್ನನ್ನು ಗುರುತು ಹಿಡಿದು ನಕ್ಕಾಗಲೂ ಸಾಕು. ತಲೆಯೊಳಗೆ ಎಲ್ಲ ಇದೆ, ಹೊರಗೆ ಬರುವ ದಾರಿ ಮಾತ್ರ ಒಂದೇ ಉಳಿದಿದೆ ಎಂದು ಡಾಕ್ಟರು ಹೇಳಿದ್ದರಂತೆ.

ಆಪಾ ಬುರ್ಖಾದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮಡಿಗೆ ಇಳಿಯುತ್ತಿದ್ದರು. ಒಂದೊಂದು ಟೊಂಗೆ ಹಿಡಿದು ಕತ್ತರಿಯನ್ನು ಮೇಲಿನಿಂದ ಕೆಳಗೆ ಸರಿಸುತ್ತ ಗಂಡನ ಕಡೆ ನೋಡುವರು. ಕತ್ತರಿ ಸರಿಯಾದ ಜಾಗಕ್ಕೆ ಬಂದಾಗ ಮೇಸ್ತ್ರಿ "ಸಾಕು" ಎನ್ನುವರು. ಕಟ್. ಮತ್ತೆ ಮುಂದಿನ ಟೊಂಗೆ. ಒಂದು ಸಾಲು ಗುಲಾಬಿ ಮುಗಿಯಲು ಇಡೀ ಮುಂಜಾನೆ ಬೇಕಾಯಿತು. ಅಂಗಡಿಯವರು ಕೆಲವರು ಹೊರಗೆ ನಿಂತು ನೋಡಿದರು, ಕೆಲವರು ನಕ್ಕರು. ಆಪಾ ತಿರುಗಿ ನೋಡಲಿಲ್ಲ.

ಕತ್ತರಿಸುವ ಕೆಲಸಕ್ಕೆ ಆ ಒಂದು ಶಬ್ದ ಹೊಂದಿಕೊಂಡಿತು. ಗೊಬ್ಬರದ ಕೆಲಸಕ್ಕೆ ಹೊಂದಲಿಲ್ಲ.

ಚಳಿಗೆ ಮೊದಲು ಹುಲ್ಲಿಗೆ ಗೊಬ್ಬರ ಬೇಕೆಂಬುದಷ್ಟೇ ಆಪಾಗೆ ತಿಳಿದಿತ್ತು. ಬಬಲೇಶ್ವರದ ಕಡೆ ಕುರಿ ಮಂದೆ ಕೂಡಿಹಾಕಿದ್ದ ಹೊಲದಿಂದ ಹಿಕ್ಕೆ ತರಿಸಿದರು. ಒಂದು ಬೊಗಸೆ ಎತ್ತಿ ಗಂಡನ ಮುಂದೆ ಹಿಡಿದರು. ಮೇಸ್ತ್ರಿ ಮೂಸಿ ನೋಡಿ "ಸಾಕು, ಸಾಕು" ಎಂದರು. ಒಪ್ಪಿದರು ಎಂದುಕೊಂಡು ಆಪಾ ಇಡೀ ಹುಲ್ಲುಹಾಸಿಗೆ ಹರಡಿಸಿ ನೀರು ಬಿಡಿಸಿದರು. ಅದು ಹಸಿ ಗೊಬ್ಬರ. ಕಳಿತಿರಲಿಲ್ಲ.

ಕೆಲವೇ ದಿನಗಳಲ್ಲಿ ಹೋಟೆಲಿಗೆ ಬಂದವರು ಮೂಗು ಮುಚ್ಚಿಕೊಳ್ಳತೊಡಗಿದರು. ಹುಲ್ಲು ಅಲ್ಲಲ್ಲಿ ಸುಟ್ಟ ಹಾಗೆ ಹಳದಿಯಾಯಿತು. ಮೊದಲನೇ ಮದುವೆ ಹತ್ತಿರ ಬಂದಿತ್ತು. ಮಾಲೀಕರು ಅಂಗಳಕ್ಕೇ ಬಂದರು. ಎಲ್ಲರ ಎದುರೇ ಕೇಳಿದರು.

"ಏನ್ ಮಾಡೀರಿ ಆಪಾ ಇದನ್ನ? ಲಗ್ನಕ್ಕ ಬಂದವರು ಇಲ್ಲಿ ಊಟ ಮಾಡಬೇಕೋ ಬ್ಯಾಡೋ?"

ಆಪಾ ಸುಟ್ಟ ಹುಲ್ಲಿನ ಮೇಲೆ ಕೂತು ಒಂದು ಎಳೆ ಕಿತ್ತು ನೋಡಿದರು. ಎದ್ದು ನಿಂತರು.

"ತಪ್ಪು ನಂದು ಅದ್ರಿ. ಗೊಬ್ಬರ ಹಸೀದಿತ್ತು. ನನಗ ತಿಳೀಲಿಲ್ಲ. ಇವತ್ತ ಎಲ್ಲಾ ಬಳದು ತಗಸ್ತೇನಿ."

"ಸುಟ್ಟಿದ್ದು ಬರ್ತದೇನು?"

"ಈ ಥಂಡ್ಯಾಗ ಬರೂದಿಲ್ರಿ. ಬ್ಯಾಸಗಿಗೆ ಬರ್ತದ."

ಮಾಲೀಕರಿಗೆ ಸಿಟ್ಟು ಮಾಡಲು ಏನೂ ಉಳಿಯಲಿಲ್ಲ. ಹಳದಿ ಜಾಗದ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿಸುತ್ತೇನೆ ಎಂದರು. "ಹಾಸ್ರಿ, ಕೆಳಗಿನ ಬೇರು ಉಸಿರು ಕಟ್ಟಿ ಸಾಯ್ತದ, ಆಮ್ಯಾಲ ಆ ಚಾಪಿನ ಖಾಯಂ ಇಟ್ಕೋಬೇಕಾಗ್ತದ" ಎಂದರು ಆಪಾ. ಅಷ್ಟು ಹೊತ್ತಿಗಾಗಲೇ ಅವರು ಏನೋ ಕಲಿತಿದ್ದರು. ಕೊನೆಗೆ ಬಬಲೇಶ್ವರದ ನರ್ಸರಿಯಿಂದ ಸೇವಂತಿಯ ಕುಂಡಗಳನ್ನು ತರಿಸಿ ಸುಟ್ಟ ಜಾಗದಲ್ಲೆಲ್ಲ ಗುಂಪುಗುಂಪಾಗಿ ಇರಿಸಿದರು. ಬೀಗರು ಆ ಕುಂಡಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆದರೆ ನನಗೆ ನೆನಪಿರುವುದು ಫೋಟೋ ಅಲ್ಲ, ಗೊಬ್ಬರ ಬಳಿದ ದಿನ ಕಂಡದ್ದು.

ಕೆಲಸ ಮುಗಿಸಿ ಆಪಾ ಕೈ ತೊಳೆಯದೆ ಗಂಡನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಿದ್ದರು. ಬೊಗಸೆಯಲ್ಲಿ ಅದೇ ಗೊಬ್ಬರ. ಮೇಸ್ತ್ರಿ ಎಡಗೈಯಿಂದ ಅದನ್ನು ದೂರ ತಳ್ಳಿ "ಸಾಕು" ಎಂದರು. ಈಗ ಅದರ ಅರ್ಥ ಬೇಡ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಅಂದೂ ಅವರು ಅದನ್ನೇ ಹೇಳಿದ್ದರು. ಮೇಸ್ತ್ರಿಯ ಕಣ್ಣಿನಿಂದ ನೀರು ಇಳಿಯಿತು. ತನ್ನ ಒಂದೇ ಒಂದು ಮಾತು ಕೂಡ ತಪ್ಪು ದಾರಿ ಹಿಡಿಯಿತಲ್ಲ ಎಂಬ ದುಃಖವಿರಬೇಕು.

"ಅಳಬ್ಯಾಡ್ರಿ" ಎಂದರು ಆಪಾ. "ನೀವು ಬರೋಬ್ಬರಿ ಹೇಳೀರಿ. ನಾ ಕಿವಿಲೆ ಕೇಳಿನಿ, ಕಣ್ಣೀಲೆ ಕೇಳಲಿಲ್ಲ."

ಅಂದಿನಿಂದ ಅವರು ಗಂಡನ ಮುಖ ನೋಡದೆ ಉತ್ತರ ಒಪ್ಪುತ್ತಿರಲಿಲ್ಲ. ಹುಬ್ಬು ಕೂಡಿದ ಸಾಕು ಬೇರೆ, ಗದ್ದ ಎತ್ತಿದ ಸಾಕು ಬೇರೆ, ಎಳೆದು ಹೇಳಿದ ಸಾಕು ಬೇರೆ. ನನಗೆ ಎಲ್ಲವೂ ಒಂದೇ ಕೇಳುತ್ತಿತ್ತು. ಅವರು ಮಾತ್ರ "ಅದಲ್ಲ, ಇವರು ಬ್ಯಾರೆ ಏನೋ ಕೇಳಾಕತ್ತಾರ" ಎಂದು ಎದ್ದು ಹೋಗಿ, ಸೋರುತ್ತಿದ್ದ ನೀರಿನ ಪೈಪನ್ನು ತಿರುವಿ ಬರುತ್ತಿದ್ದರು.

ಆ ಚಳಿಗಾಲದ ನಡುವೆ ತಿಕೋಟಾದಿಂದ ಮೇಸ್ತ್ರಿಯ ಅಣ್ಣ ಬಂದರು. ಬಿಳಿ ಗಡ್ಡದ, ಮೆತ್ತಗಿನ ಮಾತಿನ ಹಿರಿಯರು. ನೇರವಾಗಿ ನನ್ನ ಆಫೀಸಿಗೇ ಬಂದು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು.

"ಮೇಡಂ, ನೀವು ಈ ಕೆಲಸ ಬಿಡಸ್ರಿ. ನೀವು ಬಿಡಿಸಿದ್ರ ಆಕಿ ಊರಿಗೆ ಬರ್ತಾಳ. ಅಲ್ಲಿ ಮನಿ ತುಂಬ ಮಂದಿ ಅದಾರ. ಹೆಗಲು ಕೊಡಾಕ ಅದಾರ, ಉಣಸಾಕ ಅದಾರ. ಇಲ್ಲಿ ನನ್ನ ತಮ್ಮನ್ನ ಮುಂಜಾನಿಂದ ಬಿಸಲಾಗ ಕುಂದರಸ್ತಾಳ. ನೋಡಿದವರು ಏನಂತಾರ?"

ತಮ್ಮನ ಮೇಲಿನ ಪ್ರೀತಿ ಅವರ ದನಿಯಲ್ಲಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನಾನು ಆಪಾರನ್ನು ಒಳಗೆ ಕರೆಸಿದೆ. ನಿರ್ಧಾರ ನನ್ನದಲ್ಲ, ನಿಮ್ಮ ಮಾತು ನೀವೇ ಆಡಿಕೊಳ್ಳಿ ಎಂದು ಹೊರಗೆ ಹೋಗಲು ಎದ್ದೆ. ಆಪಾ "ಇರ್ರಿ ಮೇಡಂ" ಎಂದರು. ನಿಂತೇ ಮಾತಾಡಿದರು. ಭಾವನ ಎದುರು ಕೂರಲಿಲ್ಲ.

"ಭಾಯಿಸಾಬ್, ಊರಾಗ ಅವರಿಗೆ ಯಾವುದಕ್ಕೂ ಕಡಿಮಿ ಆಗೂದಿಲ್ಲ, ನನಗ ಗೊತ್ತದ. ಅದಕ್ಕ ನನಗ ಅಂಜಿಕಿ. ಅಲ್ಲಿ ಎಲ್ಲಾರೂ ಅವರ ಪರವಾಗಿ ಮಾತಾಡ್ತಾರ. ನೀರು ಬೇಕೇನು ಅಂತಾರ, ಇವರು ತಲಿ ಅಲ್ಲಾಡಸ್ತಾರ, ಮುಗೀತು. ಡಾಕ್ಟರ್ ಮಾತಾಡಸ್ರಿ ಅಂದಾರ. ಮನ್ಯಾಗ ಏನಂತ ಮಾತಾಡಸ್ಲಿ? ಇಲ್ಲಿ ನನಗ ಕೆಲಸ ಬರೂದಿಲ್ಲ. ಇವರು ಹೇಳಲಿಲ್ಲಂದ್ರ ಗಿಡ ಹಾಳಾಗ್ತದ. ಅದಕ್ಕ ಹೇಳಾಕ ಒದ್ದಾಡ್ತಾರ. ಅವರು ಒದ್ದಾಡ್ಲಿ ಅಂತನ ಕರ್ಕೊಂಡು ಬರ್ತೇನಿ."

ಹಿರಿಯರು ಟೋಪಿಯನ್ನು ಬೆರಳಲ್ಲಿ ತಿರುವಿದರು.

"ಮಾತು ಬರ್ತಾವೇನು ಹಂಗ?"

"ಗೊತ್ತಿಲ್ರಿ. ಈ ಥಂಡಿ ನೋಡ್ತೇನಿ, ಬರೂ ಥಂಡಿ ನೋಡ್ತೇನಿ."

ಅವರು ಹೊರಗೆ ಬಂದು ಬೇವಿನ ಕೆಳಗೆ ತಮ್ಮನ ಪಕ್ಕ ಕೂತರು. ಸಂಜೆಯ ಬಸ್ಸಿನತನಕ ಅಲ್ಲೇ ಇದ್ದರು. ಆಪಾ ಕತ್ತರಿ ಹಿಡಿದು ಕೇಳುವುದನ್ನೂ ತಮ್ಮ ಬೆವರುತ್ತ ಉತ್ತರ ಕೊಡುವುದನ್ನೂ ನೋಡಿದರು. ಹೋಗುವಾಗ ನನಗೆ ಕೈ ಮುಗಿದು, "ನಾ ಹೇಳಿದ್ದು ಮರತುಬಿಡ್ರಿ" ಎಂದರು. ಮುಂದೆ ಪ್ರತಿ ವರ್ಷ ಒಣದ್ರಾಕ್ಷಿ ಆಗುತ್ತಲೇ ಒಂದು ಚೀಲ ನಮ್ಮ ಆಫೀಸಿಗೂ ಬರತೊಡಗಿತು.

ಎರಡನೆಯ ಮಾತು ಬಂದದ್ದು ಮರುವರ್ಷದ ಚಾಟ್ನಿಯಲ್ಲಿ. ಆಪಾ ಒಂದು ದಾಸವಾಳದ ಟೊಂಗೆಯನ್ನು ತೀರ ಮೇಲೆ ಹಿಡಿದಿದ್ದರು. ಮೇಸ್ತ್ರಿಗೆ ತಡೆಯಲಾಗಲಿಲ್ಲ. ಎಡಗೈಯಿಂದ ಕುರ್ಚಿಯ ಕೈಗೆ ಬಡಿದು "ಕೆಳಗ" ಎಂದುಬಿಟ್ಟರು. ಆಪಾ ಹಿಗ್ಗಿ ಕುಣಿಯುತ್ತಾರೆ ಎಂದು ನಾನು ಕಾದೆ. ಅವರು ತಿರುಗಿಯೂ ನೋಡದೆ ಕತ್ತರಿಯನ್ನು ಕೆಳಗೆ ಸರಿಸಿ, "ಇಲ್ಲೇನ್ರಿ, ಇನ್ನೂ ಕೆಳಗೇನ್ರಿ?" ಎಂದರು. ಮೇಸ್ತ್ರಿ ಮತ್ತೊಮ್ಮೆ "ಕೆಳಗ" ಎಂದರು. ಕತ್ತರಿಸಿ ಮುಗಿದ ಮೇಲೆ ಆಪಾ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದರು. ಕಾಶವ್ವ ನನಗೆ ಕಣ್ಣಿನಲ್ಲೇ ತೋರಿಸಿದಳು, ಹೋಗಬೇಡಿ ಎಂದು.

ಆಮೇಲೆ ಚಳಿಗಾಲಕ್ಕೆ ಒಂದಿಷ್ಟರಂತೆ ಮಾತುಗಳು ಬಂದವು. ಕಣ್ಣು ಎಂಬುದು ಬಂತು. ಕಡ್ಡಿಯ ಮೇಲೆ ಚಿಗುರು ಒಡೆಯುವ ಗಂಟಿಗೆ ಚಾಟ್ನಿಯವರು ಕಣ್ಣು ಎನ್ನುತ್ತಾರೆ. ನೀರು, ಮಣ್ಣು, ಬ್ಯಾಡ ಬಂದವು. ಒಂದು ದಿನ ಹೆಂಡತಿಯ ಹೆಸರು ಬಂತಂತೆ. ಅದು ಮನೆಯಲ್ಲಿ, ನಾವು ಕೇಳಲಿಲ್ಲ.

ಆಪಾರ ಬಗ್ಗೆ ಬರೆಯಹೊರಟು ಮೇಸ್ತ್ರಿಯ ಬಗ್ಗೆಯೇ ಹೆಚ್ಚು ಬರೆದೆನೋ ಏನೋ. ಅವರ ಬದುಕೂ ಹಾಗೇ ಇತ್ತು. ಆದರೆ ಅವರಿಗೆ ಅವರದೇ ಆದ ಜಗಳಗಳೂ ಖುಷಿಗಳೂ ಇದ್ದವು. ಮೊಬೈಲ್ ಅಂಗಡಿಯವರು ಬೇವಿನ ಮರಕ್ಕೆ ಮೊಳೆ ಹೊಡೆದು ಫಲಕ ತೂಗುಹಾಕಿದಾಗ ಆಪಾ ಸುಮ್ಮನೆ ಹೋಗಿ ಅಂಗಡಿಯ ಗಾಜಿನ ಬಾಗಿಲಿಗೆ ಬೆರಳು ಮುಟ್ಟಿಸಿ, "ಇಲ್ಲಿ ಒಂದು ಮೊಳಿ ಹೊಡೀಲೇನು?" ಎಂದು ಕೇಳಿದ್ದರು. ಫಲಕ ಸಂಜೆಯೊಳಗೆ ಕೆಳಗಿಳಿಯಿತು. ಕತ್ತರಿಸಿ ಬಿಸಾಕುವ ಗುಲಾಬಿ ಕಡ್ಡಿಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಮನೆಗೆ ಒಯ್ದು ಓಣಿಯವರಿಗೆಲ್ಲ ಹಂಚುತ್ತಿದ್ದರು. ಜೋರಾಪುರ ಪೇಟೆಯ ಅವರ ಓಣಿಯಲ್ಲಿ ಬಣ್ಣದ ಡಬ್ಬಿ, ಒಡೆದ ಬಕೆಟ್ಟು, ಹಳೇ ಕುಕ್ಕರಿನಲ್ಲೆಲ್ಲ ನಮ್ಮ ಹೋಟೆಲಿನ ಗುಲಾಬಿ ಅರಳುತ್ತದೆ.

ಚಳಿ ಹತ್ತಿರ ಬಂದ ಹಾಗೆ ಅವರು ನೀರನ್ನು ದಿನದಿನಕ್ಕೆ ಕಡಿಮೆ ಮಾಡಿಸುತ್ತಿದ್ದರು. ಗಿಡ ಬಾಡಿದ ಹಾಗೆ ಕಾಣುತ್ತಿದೆಯಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಥಂಡಿಗಿಂತ ಮೊದಲ ಅದಕ್ಕ ಸ್ವಲ್ಪ ಹಸಿವು ಕಲಿಸ್ಬೇಕ್ರಿ. ಇಲ್ಲಂದ್ರ ಬೇರು ಮ್ಯಾಲನ ಕುಂದರ್ತದ" ಎಂದಿದ್ದರು. ಮದುವೆಯವರು ಹೂವು ಸಾಲದೆಂದು ತಕರಾರು ಮಾಡಿದರೆ, "ಹೂವು ನಿಮ್ಮವು, ಬೇಕಾದಷ್ಟು ನೋಡ್ರಿ. ಬೇರು ನನ್ನವು, ಅವಕ್ಕ ತ್ರಾಸ ಕೊಡಬ್ಯಾಡ್ರಿ" ಎನ್ನುತ್ತಿದ್ದರು. ಮಾಲೀಕರೇ ಈ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಒಂದು ಆಳು ಆಗ್ತಾರೇನು ಎಂದು ಕೇಳಿದ್ದು ಅವರಿಗೆ ಮರೆತೇಹೋಗಿತ್ತು. ಗುತ್ತಿಗೆ ಬೇರೆಯವರಿಗೆ ಕೊಡುವ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮೂರ್ನಾಲ್ಕು ಚಳಿಗಾಲ ಕಳೆದ ಮೇಲೆ ಒಂದು ಸಲ ಮೇಸ್ತ್ರಿಗೆ ಜ್ವರ ಬಂತು. ಟಂಟಂನಲ್ಲಿ ಆಪಾ, ಕಾಶವ್ವ ಇಬ್ಬರೇ ಬಂದರು. ಮೇಸ್ತ್ರಿ ಇಲ್ಲದೆ ಕೆಲಸ ಸಾಗಲಾರದು, ಮುಂದಿನ ವಾರಕ್ಕೆ ಇಟ್ಟುಕೊಳ್ಳಿ ಎಂದು ಹೇಳಲು ನಾನು ಕೆಳಗಿಳಿದು ಬಂದೆ. ಅಷ್ಟರಲ್ಲಿ ಗುಲಾಬಿಯ ಮೊದಲ ಸಾಲು ಮುಗಿದಿತ್ತು.

ಆಪಾ ಎರಡನೇ ಸಾಲಿನಲ್ಲಿದ್ದರು. ಟೊಂಗೆ ಹಿಡಿಯುವುದು, ನೋಡುವುದು, ಕತ್ತರಿಸುವುದು, ಮುಂದಕ್ಕೆ ಹೋಗುವುದು. ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಹೊರಗೆ ಮುಖ ಮಾಡಿದ ಕಣ್ಣಿನ ಮೇಲೆ ಸರಿಯಾಗಿ ಓರೆಯಾಗಿ ಕತ್ತರಿ ಬೀಳುತ್ತಿತ್ತು. ಕಾಗದದ ಹೂವಿನ ಬಳ್ಳಿಯನ್ನು ಒಂದು ಸುತ್ತು ಬಂದು ನೋಡಿ ಸರಸರನೆ ಹಗುರ ಮಾಡಿದರು. ಊಟದ ಹೊತ್ತಿಗೆ ಬೇರೆ ವರ್ಷಗಳಲ್ಲಿ ಮೂರು ದಿನ ಹಿಡಿಯುತ್ತಿದ್ದ ಕೆಲಸ ಮುಗಿದುಹೋಗಿತ್ತು.

ನಾನು ನಿಂತೇ ಇದ್ದೆ. ಅವರು ಕತ್ತರಿ ಒರೆಸುತ್ತ ನನ್ನ ಮುಖ ನೋಡಿದರು. ನಾನು ಕೇಳುವ ಮೊದಲೇ ನನ್ನ ಪ್ರಶ್ನೆ ಅವರಿಗೆ ತಲುಪಿತ್ತು. ಆದರೂ ಕೇಳಿದೆ.

"ಯಾವಾಗಿಂದ ಬರ್ತದ್ರಿ ನಿಮಗ ಇದು?"

"ಭಾಳ ದಿನ ಆತ್ರಿ."

"ಮತ್ತ ದಿನಾ ಕೇಳ್ತೀರಲ್ಲ ಅವರನ್ನ."

ಆಪಾ ಕತ್ತರಿಯನ್ನು ಚೀಲದೊಳಗೆ ಇಟ್ಟರು. ಕಾಶವ್ವ ಬಿದ್ದ ಕಡ್ಡಿಗಳನ್ನು ಗುಡಿಸುತ್ತ ತಲೆ ತಗ್ಗಿಸಿಕೊಂಡಳು. ಅವಳಿಗೂ ಗೊತ್ತಿತ್ತು ಎಂದು ಆಗ ನನಗೆ ತಿಳಿಯಿತು.

"ನನಗ ಬರ್ತದ ಅಂದ್ರ ಅವರು ಯಾತಕ್ಕ ಬರಬೇಕ್ರಿ ಇಲ್ಲಿ? ಮನ್ಯಾಗ ಕುಂದರ್ತಾರ. ಮಾತು ಮತ್ತ ಒಳಗ ಹೋಗ್ತಾವ. ಅವರ ಮುಂದ ಹೇಳಬ್ಯಾಡ್ರಿ ಮೇಡಂ."

ನಾನು ಹೇಳಲಿಲ್ಲ. ಮುಂದಿನ ವಾರ ಮೇಸ್ತ್ರಿ ಬಂದಾಗ ಡುರಾಂಟಾ ಬೇಲಿಯ ಮುಂದೆ ಆಪಾ ಏನೂ ತಿಳಿಯದವರಂತೆ ನಿಂತು, "ಇದನ್ನ ಎಷ್ಟಕ್ಕ ತರಲ್ರಿ?" ಎಂದು ಕೇಳುತ್ತಿದ್ದರು. ಮೇಸ್ತ್ರಿ ಕೈಯೆತ್ತಿ ತನ್ನ ಎದೆಯ ಮಟ್ಟ ತೋರಿಸುತ್ತ "ಇಲ್ಲಿ… ಇಲ್ಲೀಮಟ" ಎನ್ನುತ್ತಿದ್ದರು. ನನ್ನ ಕಿಟಕಿ ಆ ದಿನಗಳಲ್ಲಿ ತೆರೆದೇ ಇರುತ್ತಿತ್ತು. ಕೆಲಸಗಾರ್ತಿಯೊಬ್ಬಳು ತನಗೆ ಬಂದದ್ದನ್ನು ತೋರಿಸಿಕೊಳ್ಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನಾನೂ ಮಾಡಿದ್ದೇನೆ. ಬಂದದ್ದನ್ನು ಇಷ್ಟು ವರ್ಷ ಬಾರದೆಂದು ಹೇಳಿಕೊಂಡು, ನೋಡಿದವರು ನಕ್ಕರೆ ನಗಲಿ ಎಂದು ಸುಮ್ಮನಿದ್ದವರು ಅವರೊಬ್ಬರೇ.

ಆಪಾ ಹೋದ ದಿನ ನಾನು ಮಣ್ಣಿಗೆಂದು ಅವರ ಮನೆಗೆ ಹೋಗಿ ಬಂದೆ. ಮೇಸ್ತ್ರಿ ಗಂಡಸರ ನಡುವೆ ಕುರ್ಚಿಯಲ್ಲಿ ಕೂತಿದ್ದರು. ಅಣ್ಣ ಹೆಗಲ ಮೇಲೆ ಕೈ ಇಟ್ಟುಕೊಂಡಿದ್ದರು. ಇನ್ನು ತಿಕೋಟಾಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದು ಯಾರೋ ಹೇಳಿದರು. ಹೋಗಲಿ, ಅಲ್ಲಿ ಜನರಿದ್ದಾರೆ ಎಂದು ನನಗೂ ಅನಿಸಿತು. ಮಳೆಗಾಲ ಕಳೆಯಿತು. ಎರೆ ಭೂಮಿಯಲ್ಲಿ ಹಿಂಗಾರಿ ಬಿತ್ತನೆ ಸುರುವಾಯಿತು. ಬೇರೆ ಗುತ್ತಿಗೆದಾರರೊಬ್ಬರನ್ನು ಮಾತಾಡಿಸಲು ಮಾಲೀಕರು ಹೇಳಿದ್ದರು. ನಾನು ಇವತ್ತು ನಾಳೆ ಎಂದು ಮುಂದೂಡುತ್ತಿದ್ದೆ.

ದಸರೆ ಮುಗಿದ ವಾರ, ಮುಂಜಾನೆ, ಗೇಟಿನೊಳಗೆ ಟಂಟಂ ಬಂತು. ಕಾಶವ್ವ ಇಳಿದಳು. ಆಮೇಲೆ ಮೇಸ್ತ್ರಿ ಕೋಲು ಊರಿಕೊಂಡು ತಾವೇ ಇಳಿದರು. ನಾನು ಕೆಳಗೆ ಓಡಿ ಬಂದೆ.

"ತಿಕೋಟಾದಾಗ ಇದ್ರಲ್ರಿ" ಎಂದೆ.

"ಬಂದೆ" ಎಂದರು ಮೇಸ್ತ್ರಿ. ಸ್ವಲ್ಪ ತಡೆದು, "ಚಾಟ್ನಿ… ಟೈಮಾತು" ಎಂದರು.

ಅಣ್ಣ ಬೇಡವೆನ್ನಲಿಲ್ಲವಂತೆ. ಟಂಟಂ ಮಾಡಿ ಕಳಿಸಿದವರೇ ಅವರು ಎಂದು ಕಾಶವ್ವ ಹೇಳಿದಳು. ಬೇವಿನ ಕೆಳಗೆ ಕುರ್ಚಿ ಹಾಕಿಸಿದೆ. ಮೇಸ್ತ್ರಿ ಅದರಲ್ಲಿ ಕೂರದೆ ಮಡಿಯ ಅಂಚಿನವರೆಗೆ ನಡೆದು ಬಂದು ಕೋಲಿನ ಮೇಲೆ ಭಾರ ಹಾಕಿ ನಿಂತರು. ಕಾಶವ್ವ ಮೊದಲ ಗುಲಾಬಿಯ ಮುಂದೆ ಬಗ್ಗಿ ಕತ್ತರಿ ತೆರೆದಳು. ಇಷ್ಟು ವರ್ಷ ಗಿಡ ಕತ್ತರಿಸಿದ ಕೈ ಅವಳದು. ಆದರೂ ತಲೆಯೆತ್ತಿ, "ಎಲ್ಲಿ ಹಿಡೀಲ್ರಿ ಮೇಸ್ತ್ರಿ?" ಎಂದಳು. ಅವರು ಹೇಳಿದರು. ನಿಧಾನಕ್ಕೆ, ಒಂದೊಂದು ಶಬ್ದವನ್ನು ಹುಡುಕಿ ತಂದು ಹೇಳಿದರು.

ಬಿಸಿಲು ಏರಿದ ಮೇಲೆ ಚಹಾ ತರಿಸಿದೆ. ಮೇಸ್ತ್ರಿ ಎಡಗೈಯಲ್ಲಿ ಕಪ್ಪು ಹಿಡಿದು ಕೂತರು. ಆಪಾರ ಮಾತು ತೆಗೆಯಬೇಕೆನಿಸಿತು. ಹೇಳಬೇಡಿ ಎಂದವರು ಈಗ ಇಲ್ಲ. ಆದರೂ ನಾನು ಬಾಯಿ ಬಿಡಲಿ ಹೇಗೆ? ಮೇಸ್ತ್ರಿಯೇ ಸುರು ಮಾಡಿದರು. ಸೇವಂತಿಯ ಮಡಿಯ ಕಡೆ ನೋಡುತ್ತ, ಬಿಟ್ಟು ಬಿಟ್ಟು ಹೇಳಿದರು.

"ಆಕಿಗೆ… ಬರ್ತಿತ್ತು. ಕೆಲಸ. ಎಲ್ಲಾ."

ನಾನು ಕಪ್ಪು ಕೆಳಗಿಟ್ಟೆ.

"ನಿಮಗ ಗೊತ್ತಿತ್ತೇನ್ರಿ?"

ಅವರು ತಲೆಯಾಡಿಸಿದರು. ತಲೆಯಾಡಿಸಿದ್ದು ಸಾಲದೆನಿಸಿತೋ ಏನೋ, ಬಾಯಿಂದಲೂ ಹೇಳಿದರು.

"ಗೊತ್ತಿತ್ತು. ಎರಡನೇ… ಥಂಡ್ಯಾಗನ. ಕೈ ನೋಡಿದ್ರ… ತಿಳೀತದ."

"ಮತ್ತ ಯಾಕ ಹೇಳಲಿಲ್ರಿ ಅವರಿಗೆ?"

ಮೇಸ್ತ್ರಿ ಉಳಿದ ಚಹಾ ಕುಡಿದು ಕಪ್ಪು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಒಂದು ಶಬ್ದವನ್ನೂ ತೊದಲದೆ ಹೇಳಿದರು.

"ಆಕಿ ಕೇಳ್ತಿದ್ಲಲ್ರಿ ಮೇಡಂ. ಛಲೋ ಅನಸ್ತಿತ್ತು."